ಬೇವಿನ ನೆತ್ತಿಯ ಮೇಲೊಂದು ಹರಿಗೋಲು

ಮೊನ್ನೆ ಒಂಬತ್ತನೇ ತರಗತಿಗೆ ಮಳೆಕಾಡಿನ ಪಾಠವಿತ್ತು. ಟಿವಿಯಲ್ಲಿ ಅಮೆಜಾನ್ ಉಕ್ಕಿ ಕಾಡಿನೊಳಗೇ ಹರಡಿತ್ತು; ಮರಗಳ ನೆತ್ತಿಗಳ ನಡುವೆ ದೋಣಿಯೊಂದು ಸಾಗುತ್ತಿತ್ತು. ಮಕ್ಕಳು ಬಾಯಿ ತೆರೆದು ನೋಡಿದರು. ನಾನು ಮಾತ್ರ ಮೇಜಿನ ಅಂಚನ್ನು ಹಿಡಿದುಕೊಂಡೆ. ಯಾಕೆಂದು ಹೇಳುತ್ತೇನೆ, ಕೇಳಿ.

ನಾನು ಕಂಪ್ಲಿಯ ಶಾಲೆಗೆ ಭೂಗೋಳದ ಮೇಷ್ಟ್ರಾಗಿ ಹೊಸದಾಗಿ ಬಂದಿದ್ದ ಕಾಲ. ಹುಟ್ಟೂರು ಸಂಡೂರಿನ ಗುಡ್ಡದ ಸೀಮೆ. ಈಜು ಬಾರದು. ಆದರೂ ಜಗತ್ತಿನ ದೊಡ್ಡ ನದಿಗಳನ್ನೆಲ್ಲ ಬಲ್ಲೆನೆಂಬ ಜಂಬ. ಆ ಮಳೆಗಾಲ ಅಣೆಕಟ್ಟಿನ ಗೇಟುಗಳನ್ನು ಎತ್ತಿದಾಗ ತುಂಗಭದ್ರೆ ದಡ ಹತ್ತಿ ಗದ್ದೆ, ಬಾಳೆತೋಟಗಳನ್ನು ನುಂಗಿದಳು. ನಮ್ಮ ಪಕ್ಕದ ಮನೆಯ ಅಂಬಿಗ ಹುಲುಗಪ್ಪನ ತಾಯಿ ಈರಮ್ಮ ತೋಟದ ಪಂಪ್‌ಸೆಟ್ ಮನೆಯ ಮೇಲೆ ಸಿಕ್ಕಿಕೊಂಡಿದ್ದಳು. ಮಧ್ಯಾಹ್ನ ಇನ್ನಷ್ಟು ನೀರು ಬಿಡುತ್ತಾರೆಂದು ಮೈಕಿನಲ್ಲಿ ಕೂಗುತ್ತಿದ್ದರು. ಅಷ್ಟರೊಳಗೆ ಅವಳನ್ನು ಕರೆತರಬೇಕು; ಆದರೆ ಹಗುರಾದ ಹರಿಗೋಲು ಸೆಳವಿನಲ್ಲಿ ಮಾತು ಕೇಳುವುದಿಲ್ಲವಂತೆ. ಹುಲುಗಪ್ಪ ನನ್ನ ಹೊಟ್ಟೆ ನೋಡಿದ.

“ಬರ್ರಿ ಮೇಷ್ಟ್ರ. ಏನೂ ಮಾಡೂದು ಬ್ಯಾಡ, ನಡುವ ಸುಮ್ಮ ಕುಂದ್ರಿ. ತೂಕ ಬೇಕಾಗೇತಿ.”

ಭೂಗೋಳ ಓದಿದ್ದು ಹೀಗೆ ಉಪಯೋಗಕ್ಕೆ ಬಂತು.

ಊರು ದಾಟುತ್ತಲೇ ಸದ್ದೆಲ್ಲ ಅಡಗಿತು. ನಾವು ಬೇವು, ಜಾಲಿಗಳ ನೆತ್ತಿಯ ಮೇಲೆ ತೇಲುತ್ತಿದ್ದೆವು. ದಿನವೂ ತಲೆಯೆತ್ತಿ ನೋಡುತ್ತಿದ್ದ ಹಕ್ಕಿಗೂಡು ಕೈಗೆ ಎಟಕುವಂತಿತ್ತು. ಎಲೆಗಳ ನಡುವೆ ಸಣ್ಣ ಮೀನುಗಳು ಚಂಗನೆ ಹಾರಿದವು. ಹೊಲದ ಇರುವೆಗಳೆಲ್ಲ ಬಂದು ಕೊಂಬೆಗಳಿಗೆ ಕೆಂಪಗೆ ಮೆತ್ತಿಕೊಂಡಿದ್ದವು. ನಾನು ಪಾಠ ಮಾಡುತ್ತಿದ್ದ ದೂರದ ಕಾಡು ಇದೇ ಅನ್ನಿಸಿ ಮೈ ಜುಮ್ಮೆಂದಿತು. ಹೆದರಿಕೆಯೂ ಮರೆತುಹೋಯಿತು.

ಆ ಗುಂಗಿನಲ್ಲೇ ಎದುರಿಗೆ ಬಂದ ಕೊಂಬೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹೊಳೆಯ ಊರಿನವರಾರೂ ಮಾಡದ ತಪ್ಪು. ನಾನು ಕೊಂಬೆಯ ಬಳಿಯೇ ಉಳಿದೆ, ಹರಿಗೋಲು ಕಾಲಡಿಯಿಂದ ಜಾರತೊಡಗಿತು. ಅಂಚು ಬಾಗಿ ನೀರು ನುಗ್ಗಿತು.

“ಕೈ ಬಿಡ್ರಿ ಮೇಷ್ಟ್ರ. ಹಿಡ್ಕೊಂಡ್ರ ಹೋಗ್ತೀರಿ,” ಎಂದ ಹುಲುಗಪ್ಪ, ದನಿ ಏರಿಸದೆ.

ಬೆರಳುಗಳು ಒಪ್ಪಲಿಲ್ಲ. ಇರುವೆಗಳು ಒಪ್ಪಿಸಿದವು. ಹರಿಗೋಲು ಗಿರ್ರನೆ ತಿರುಗಿ ಸಮನಾಯಿತು.

ಈರಮ್ಮ ಎರಡು ಕೋಳಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂತಿದ್ದಳು. ಅತ್ತಿರಲಿಲ್ಲ. ಹರಿಗೋಲಿಗೆ ಇಳಿದವಳು ಮುಳುಗಿದ ತನ್ನ ತೋಟದ ಕಡೆ ಬಹಳ ಹೊತ್ತು ನೋಡಿದಳು.

“ಎಷ್ಟ್ ದೊಡ್ಡಾಕಿ ಅದಾಳ ನೋಡ್ರಿ ನಮ್ಮ ಹೊಳಿ. ಹುಟ್ಟಿದಾಗಿಂದ ಬಗಲಾಗ ಅದೀನಿ, ಗೊತ್ತಾಗಿದ್ದಿಲ್ಲ.”

ತೋಟ ಹೋಗಿತ್ತು, ಆದರೂ ಕೈ ಮುಗಿದಳು. ಊದಿದ ಕೈಗಳಿಂದ ನಾನೂ ಮುಗಿದೆ.

ಮೊನ್ನೆ ಚಿತ್ರ ಮುಗಿದ ಮೇಲೆ ಪುಸ್ತಕ ತೆರೆಯಲು ಮನಸ್ಸಾಗಲಿಲ್ಲ. ಮಕ್ಕಳನ್ನು ಸಾಲಾಗಿ ಹೊಳೆಯ ದಂಡೆಗೆ ಕರೆದುಕೊಂಡು ಹೋದೆ. ನೀರು ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು.

“ಏನ್ ನೋಡೂದ್ರಿ ಸರ್ ಇಲ್ಲಿ?” ಎಂದಳು ಒಬ್ಬ ಹುಡುಗಿ.

“ಮೊದ್ಲು ಚಪ್ಪಲಿ ಬಿಡವ್ವ,” ಎಂದು ನಾನೂ ಬಿಟ್ಟೆ.