‘ಆಗ್ಲಿ ಬಿಡ್ರಿ’ ಎಂಬ ಮತ

ತಿಪ್ಪೇಶನ ಮೇಲೆ ನನಗೆ ಸಿಟ್ಟು ಬಂದದ್ದು ಒಂದೇ ಸಲ. ಬಂದದ್ದು ಮಾತ್ರ ಪೂರಾ ಬಂತು.

ತಿಪ್ಪೇಶ ತ್ಯಾವಣಿಗೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾನೆ. ಇನ್ನೂ ಹರೆಯದವನು, ಆದರೆ ತಲೆ, ಮೀಸೆ, ಹುಬ್ಬು ಎಲ್ಲಾ ಹಿಟ್ಟು ಹತ್ತಿ ಬಿಳಿ. ಅವನ ಗಿರಣಿಯಲ್ಲಿ ಯಾರ ಡಬ್ಬಿ ಮೊದಲು ಬಂತೋ ಅವರದ್ದೇ ಮೊದಲು. ಸ್ವಂತ ಸೋದರಮಾವ ಬಂದರೂ ಸಾಲಿನಲ್ಲಿ ನಿಲ್ಲಬೇಕು. ಇದೇ ತಿಪ್ಪೇಶ ನಮ್ಮ ಶಾಸನಸಭೆಯ ಕಾರ್ಯದರ್ಶಿ.

ಶಾಸನಸಭೆ ಎಂದರೆ ಬೆಂಗಳೂರಿನದ್ದಲ್ಲ, ಫೋನಿನ ಗುಂಪಿನಲ್ಲಿ ನಾವು ಆಡುವ ಆಟ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಒಂದಷ್ಟು ಜನ ಸೇರಿ ಕಟ್ಟಿಕೊಂಡದ್ದು. ನಮ್ಮ ಕಾಯ್ದೆ ನಮ್ಮನ್ನು ಬಿಟ್ಟರೆ ಒಂದು ಕೋಳಿಗೂ ಅನ್ವಯಿಸುವುದಿಲ್ಲ. ಆದರೂ ಕ್ರಮ ಕ್ರಮವೇ. ಸದಸ್ಯರು ಮಸೂದೆ ಮಂಡಿಸಬೇಕು, ತಿಪ್ಪೇಶ ಅದಕ್ಕೊಂದು ಸಂಖ್ಯೆ ಕೊಡುತ್ತಾನೆ, ಚರ್ಚೆಯಾಗುತ್ತದೆ, ಆಮೇಲೆ ಸಂಜೆ ಏಳರಿಂದ ಎಂಟರವರೆಗೆ ಮತ. ‘ಹೌದು’ ಹೆಚ್ಚಾದರೆ ಕಾಯ್ದೆ, ಸಮವಾದರೆ ಬಿತ್ತು. ಗೆದ್ದದ್ದು, ಬಿದ್ದದ್ದು, ಸಭೆಯಲ್ಲಿ ಆಡಿದ ಮಾತು ಎಲ್ಲವನ್ನೂ ಅವನು ದಾಖಲೆಯ ಪುಟಕ್ಕೆ ಏರಿಸುತ್ತಾನೆ. ಅಲ್ಲಿಂದ ಏನನ್ನೂ ಅಳಿಸಬಾರದು ಎಂಬ ಕಾಯ್ದೆ ತಂದವಳು ನಾನೇ. ಶುರುವಿನಲ್ಲಿ ಎಲ್ಲರಿಗೂ ಮಂತ್ರಿಗಿರಿ ಬೇಕಿತ್ತು, ಬರೆಯುವ ಕೆಲಸ ಯಾರಿಗೂ ಬೇಡವಾಗಿತ್ತು. ತಿಪ್ಪೇಶ ಒಪ್ಪಿಕೊಂಡ.

ನಾನು ಶಿವಗಂಗಮ್ಮ, ಬಸವಾಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಮಂಡಕ್ಕಿ ಮಾರುವವಳು. ಸಂಜೆ ಏಳರಿಂದ ಎಂಟು ನನ್ನ ಬಾಣಲೆಗೆ ಬಿಡುವಿಲ್ಲದ ಹೊತ್ತು. ಮೂರು ಮತ ತಪ್ಪಿಸಿದವರ ಸ್ಥಾನ ಹೋಗುತ್ತದೆ ಎಂಬ ಕಾಯ್ದೆಯಿತ್ತು. ನಾನು ಆಗಲೇ ಎರಡು ತಪ್ಪಿಸಿದ್ದೆ. ದಿನವಿಡೀ ‘ಇನ್ನೆರಡು ಮಿರ್ಚಿ ಹಾಕಮ್ಮ’ ಎಂದು ಕೇಳುವ ನನಗೆ, ‘ಮಾನ್ಯ ಸದಸ್ಯರು ಏನಂತೀರಿ’ ಎಂದು ಯಾರಾದರೂ ಕೇಳುವುದು ಅದೊಂದೇ ಜಾಗದಲ್ಲಿ. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಮತದಾನ ಮರುದಿನ ಮಧ್ಯಾಹ್ನದವರೆಗೂ ತೆರೆದಿರಲಿ ಎಂದು ಮಸೂದೆ ತಂದೆ.

ಮತದ ಸಂಜೆ ಒಲೆ ಆರಿಸಿ ಫೋನ್ ಹಿಡಿದು ಕೂತೆ. ಹೌದು, ಇಲ್ಲ ಎರಡೂ ಸಮಸಮ. ಎಂಟಕ್ಕೆ ಸ್ವಲ್ಪ ಮುಂಚೆ ಜಗಳೂರಿನ ಗಾದ್ರಪ್ಪ ಬರೆದರು: ‘ಆಗ್ಲಿ ಬಿಡ್ರಿ.’

ಗೆದ್ದೆ ಅಂದುಕೊಂಡು ಒಲೆ ಹಚ್ಚಿದೆ. ಅಷ್ಟರಲ್ಲಿ ತಿಪ್ಪೇಶ ಬರೆದ: ‘ಕೊನೆಯ ಮತ ಸ್ಪಷ್ಟವಿಲ್ಲ, ಲೆಕ್ಕಕ್ಕಿಲ್ಲ. ಮಸೂದೆ ಬಿದ್ದಿದೆ.’

‘ನಿನ್ನ ಬಾಯಿಗೆ ಮಣ್ಣು ಬೀಳ, ನಿನ್ನ ಗಿರಣಿ ಬೆಲ್ಟ್ ಹರಿದುಹೋಗ’ ಎಂದು ಸಭೆಯಲ್ಲೇ ಬರೆದುಬಿಟ್ಟೆ.

ಅವನು ಫೋನ್ ಮಾಡಿದ. ‘ಅಕ್ಕಾ, ನನಗೆ ಹೆಣ್ಣು ನೋಡಾಕೆ ಹೋದ ಕಡೆಯೆಲ್ಲಾ ಆಗ್ಲಿ ಬಿಡ್ರಿ ಅಂದ್ರು. ಒಬ್ರೂ ಹೆಣ್ಣು ಕೊಡ್ಲಿಲ್ಲ.’

‘ಗಾದ್ರಪ್ಪಾರು ನಿನಗೆ ಹೆಣ್ಣು ಕೊಡಾಕೆ ಬಂದಿದ್ರೇನು? ನಾನು ಗಿರಾಕಿಗೆ ಆಗ್ಲಿ ಬಿಡ್ರಿ ಅಂದ್ರೆ ಮಿರ್ಚಿ ಕೊಟ್ಟೇ ಕೊಡ್ತೀನಿ.’

‘ಅದಕ್ಕೇ ಅಕ್ಕ. ಎರಡೂ ಅರ್ಥ ಐತೆ. ಯಾವುದು ಅಂತ ನಾನು ಆರಿಸಿದ್ರೆ ಅದು ನನ್ನ ಮತ ಆಗ್ತೈತೆ. ಕಾರ್ಯದರ್ಶಿಗೆ ಮತ ಇಲ್ಲ. ಇದ್ದಿದ್ರೆ ನಿಮಗೇ ಹಾಕ್ತಿದ್ದೆ.’

ನನ್ನ ಸಿಟ್ಟು ಅರ್ಧ ಇಳಿಯಿತು. ‘ಅವರನ್ನೇ ಒಂದು ಮಾತು ಕೇಳಾಕೆ ಏನಾಗಿತ್ತು ನಿನಗೆ?’

‘ಕೇಳಾಕೆ ಕಾಯ್ದೆ ಇಲ್ಲ. ನೀವು ತರ್ರಿ.’

ತಂದೆ. ಮತ ಸ್ಪಷ್ಟವಿಲ್ಲದಿದ್ದರೆ ಕಾರ್ಯದರ್ಶಿ ಸಭೆಯಲ್ಲೇ ತಿರುಗಿ ಕೇಳತಕ್ಕದ್ದು, ಅಷ್ಟೇ ಮಸೂದೆ. ಅದರ ಹಿಂದೆಯೇ ಬಿದ್ದ ಮಸೂದೆಯನ್ನೂ ಮತ್ತೆ ಮಂಡಿಸಿದೆ. ಎರಡಕ್ಕೂ ಮತ ಸಂತೆಯ ಸಂಜೆಯೇ ಬಂತು. ಜನ ಬಾಣಲೆ ಸುತ್ತ ಮುತ್ತಿಕೊಂಡಿದ್ದರು. ತಪ್ಪಿಸಿದರೆ ನನ್ನ ಸ್ಥಾನ ಹೋದಂತೆಯೇ. ‘ತಡ್ಕೊಳ್ರಿ, ಸಭೆ ಐತೆ’ ಎಂದು ಒಲೆ ಆರಿಸಿದೆ. ಬೈದವರು ಬೈದರು, ಎದ್ದು ಹೋದವರು ಹೋದರು.

ಮೊದಲನೆಯದಕ್ಕೆ ಎಲ್ಲರ ಮತವೂ ಬೇಗ ಬಂದು ಸಲೀಸಾಗಿ ಗೆದ್ದಿತು, ಆ ಕ್ಷಣದಿಂದಲೇ ಜಾರಿ. ಎರಡನೆಯದು ಮತ್ತೆ ಸಮಸಮ. ಗಾದ್ರಪ್ಪ ಬರೆದರು: ‘ಆಗ್ಲಿ ಬಿಡ್ರಿ.’

ತಿಪ್ಪೇಶ ಕೇಳಿದ: ‘ಗಾದ್ರಪ್ಪಾರೆ, ಹೌದೋ, ಇಲ್ಲವೋ?’

‘ಹೌದಪ್ಪ. ಅವತ್ತೂ ಅದನ್ನೇ ಹೇಳಿದ್ದೆ.’

ಕಣ್ಣಲ್ಲಿ ನೀರು ಬಂತು. ಕಾಯುತ್ತಿದ್ದ ಗಿರಾಕಿಗಳಿಗೆ ಮೆಣಸಿನಕಾಯಿ ಘಾಟು ಎಂದೆ; ಒಲೆಯೇ ಆರಿತ್ತು, ಯಾರೂ ನಂಬಲಿಲ್ಲ.

ಮರುದಿನ ದಾಖಲೆಯ ಪುಟ ತೆರೆದು ನೋಡಿದೆ. ಸಂಖ್ಯೆ, ತಾರೀಖು, ಮತಗಳ ಲೆಕ್ಕ, ಕೆಳಗೆ ‘ಮಂಡಿಸಿದವರು: ಶಿವಗಂಗಮ್ಮ, ಬಸವಾಪಟ್ಟಣ’. ಖುಷಿಯಲ್ಲಿ ಪುಟ ಮೇಲಕ್ಕೆ ಸರಿಸಿದರೆ ಹಳೆಯ ಬಿದ್ದ ಮಸೂದೆಯೂ ಇತ್ತು, ಅದರಡಿ ನನ್ನ ಮಣ್ಣು, ಬೆಲ್ಟ್ ಎಲ್ಲಾ ಅಕ್ಷರ ಬಿಡದೆ ಇತ್ತು. ನಾಚಿಕೆಯಾಗಿ ಫೋನ್ ಮಾಡಿದೆ.

‘ತಮ್ಮಾ, ಅದೊಂದು ತೆಗೆದುಬಿಡಪ್ಪ.’

‘ಅಳಿಸಂಗಿಲ್ಲ ಅಕ್ಕ. ನಿಮ್ಮದೇ ಕಾಯ್ದೆ.’

‘ಆಗ್ಲಿ ಬಿಡು’ ಎಂದೆ.

ಗಿರಣಿಯ ಸದ್ದು ನಿಂತಿತು. ಬೆಲ್ಟ್ ಅವನೇ ನಿಲ್ಲಿಸಿರಬೇಕು.

‘ಹೌದೋ, ಇಲ್ಲವೋ?’ ಎಂದು ಕೇಳಿದ.