ಪದ್ದಕ್ಕ ಕಾದ ಮರಳು

ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಪದ್ದಕ್ಕನ ದನಿ ಬಸ್ಸಿನ ಹಾರನ್ನನ್ನೂ ಮೀರಿಸುತ್ತಿತ್ತು. "ಹ್ವಾಯ್, ಬಂಗ್ಡಿ ಕಾಣಿ, ಈಗಷ್ಟೇ ಬಂದದ್!" ಎಂದು ಅವಳು ಕೂಗಿದರೆ ರಸ್ತೆಯಾಚೆ ಹೋಗುತ್ತಿದ್ದವರೂ ತಿರುಗುತ್ತಿದ್ದರು. ಅದೇ ಪದ್ದಕ್ಕ ಅಳಿವೆ ಬಳಿಯ ಮರಳಿಗೆ ಕಾಲಿಟ್ಟಳೆಂದರೆ ಪಿಸುಗುಟ್ಟುವವಳು. ಅಲ್ಲಿ ಅವಳ ಜೊತೆ ಕಸ ಹೆಕ್ಕುವ ನಮ್ಮಲ್ಲಿ ಯಾರಾದರೂ ಗಟ್ಟಿಯಾಗಿ ನಕ್ಕರೆ ಸುಮ್ಮನೆ ಒಮ್ಮೆ ನೋಡುತ್ತಿದ್ದಳು, ಅಷ್ಟೇ. ನಗು ಗಂಟಲಲ್ಲೇ ನಿಲ್ಲುತ್ತಿತ್ತು.

ನನ್ನ ಊರು ಹಾಲಾಡಿ. ಕುಂದಾಪುರದ ಔಷಧಿ ಅಂಗಡಿಯೊಂದರಲ್ಲಿ ಕೆಲಸ. ಸಂಜೆ ಮನೆಗೆ ಹೊರಡುವ ಮುಂಚೆ ಅವಳ ಬಳಿ ಮೀನು ಕೊಳ್ಳುವುದು ರೂಢಿ. ಒಂದು ದಿನ ಮೀನು ಕಟ್ಟಿಕೊಡುತ್ತಾ, "ಆಯ್ತ್ವಾರ ಎಂತ ಮಾಡ್ತೆ?" ಎಂದು ಕೇಳಿದಳು. ಭಾನುವಾರ ಬಟ್ಟೆ ಒಗೆಯುವುದಿದೆ ಎಂದೆ.

"ಬಟ್ಟಿ ಸೋಮ್ವಾರ ಒಗಿ ಮಾರಾಯ್ತಿ. ಕಡ್ಲಿಗ್ ಬಾ, ಕಸ ಹೆಕ್ಕುಕಿತ್ತ್."

ಹಾಗೆ ಶುರುವಾಯಿತು. ಅವಳು ಹೀಗೇ ಕರೆದ ಇನ್ನೂ ಕೆಲವರು ಭಾನುವಾರಗಳಂದು ಬರುತ್ತಿದ್ದರು. ಬೈಂದೂರಿನ ದಾರಿಯಲ್ಲಿ, ಸಣ್ಣ ಹೊಳೆಯೊಂದು ಕಡಲು ಸೇರುವ ಆ ಅಳಿವೆಯ ಬಳಿ ಅವಳ ಊರು. ಚಳಿಗಾಲ ಮುಗಿಯುತ್ತಿದ್ದಂತೆ ಅಲ್ಲಿಗೆ ಗೊರವ ಹಕ್ಕಿಗಳು ಮೊಟ್ಟೆ ಇಡಲು ಬರುತ್ತವೆ. ಗುಬ್ಬಿಗಿಂತ ಕೊಂಚ ದೊಡ್ಡವು, ಮರಳಿನದೇ ಬಣ್ಣ. ಗೂಡೆಂದರೆ ಮರಳಲ್ಲಿ ಕೆದರಿದ ಒಂದು ಕುಳಿ, ಸುತ್ತ ನಾಲ್ಕು ಚಿಪ್ಪಿನ ಚೂರು. ಇಂಥ ನಿರ್ಜನ ಮರಳು ಕರಾವಳಿಯಲ್ಲಿ ಎಲ್ಲಿ ಉಳಿದಿದೆ? ಉಳಿದ ಕಡೆಯೂ ಕಸ. ಕಸಕ್ಕೆ ನಾಯಿ, ಕಾಗೆ. ಅವು ಬಂದರೆ ಮೊಟ್ಟೆ ಉಳಿಯುವುದಿಲ್ಲ. ಹಾಳು ಬಲೆಯ ಎಳೆಗಳು ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತವೆ. ಒಮ್ಮೆ ಹಾಗೆ ಸಿಕ್ಕಿಬಿದ್ದು ಕಾಲು ಕೊಳೆತ ಹಕ್ಕಿಯೊಂದು ಪದ್ದಕ್ಕನ ಅಂಗೈಯಲ್ಲೇ ಸತ್ತಿತಂತೆ. ಎಳೆಯನ್ನು ಬಿಡಿಸಿ ನೋಡಿದರೆ ಅದು ಅವಳ ಗಂಡನ ಹಳೆಯ ಬಲೆಯದೇ. ಗಂಡ ತೀರಿಕೊಂಡ ಮೇಲೆ ಅವಳೇ ಅದನ್ನು ಹೊಳೆಬದಿಗೆ ಎಸೆದಿದ್ದಳು. ಮರುದಿನವೇ ಗೋಣಿಚೀಲ ಹಿಡಿದು ಹೊರಟಳು.

ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು ನಮ್ಮ ಸಾಲಿನ ಹಿಂದೆ ಬರುತ್ತಿದ್ದಳು. ಹುಮ್ಮಸ್ಸಿನಲ್ಲಿ ಯಾರಾದರೂ ಚಿಪ್ಪು, ಒಣಗಿದ ಬಳ್ಳಿ ಎಲ್ಲವನ್ನೂ ಚೀಲಕ್ಕೆ ತುಂಬಿದರೆ ಅಲ್ಲೇ ಸುರಿಸಿ, "ಪ್ಲಾಸ್ಟಿಕ್ ಹೆಕ್ಕಿ ಅಂದ್ರೆ ಅದ್ರ ಮನಿಯನ್ನೇ ಹೆಕ್ತ್ರಿಯಲೇ!" ಎಂದು ಪಿಸುದನಿಯಲ್ಲೇ ಬೈಯುತ್ತಿದ್ದಳು. ತಾಯಿ ಹಕ್ಕಿ ರೆಕ್ಕೆ ಮುರಿದಂತೆ ನಟಿಸುತ್ತಾ ನಮ್ಮನ್ನು ಗೂಡಿನಿಂದ ದೂರ ಎಳೆದೊಯ್ಯಲು ನೋಡಿದರೆ ಅವಳಿಗೆ ಎಲ್ಲಿಲ್ಲದ ಖುಷಿ. "ಎಂಥಾ ವೇಷ ಕಾಣ್! ನಡೀನಿ, ನಾವ್ ಮೋಸ ಹೋಪ" ಎಂದು ಗೂಡು ಬಿಟ್ಟು ಅದರ ಹಿಂದೆಯೇ ನಮ್ಮನ್ನು ನಡೆಸುತ್ತಿದ್ದಳು.

ಆ ಒಂದು ಬೆಳಗನ್ನು ಮಾತ್ರ ಇಂದಿಗೂ ನಿರಾಳವಾಗಿ ನೆನೆಯಲಾರೆ. ಅವಳ ಮೈದುನ ಸಂಜೀವ ಕೈರಂಪಣಿ ತಂಡದ ಮುಖಂಡ. ದಡದಿಂದ ಎಳೆಯುವ ಆ ಬಲೆಗೆ ವಾರಗಟ್ಟಲೆ ಏನೂ ಬಿದ್ದಿರಲಿಲ್ಲ. ಅಂದು ರಾಶಿ ಬಂಗಡೆ ಬಿತ್ತು. ಬಿಸಿಲು ಏರುತ್ತಿತ್ತು, ಮೀನು ಕೆಡುವ ಮೊದಲು ಸಾಗಿಸಬೇಕು. ಸಂಜೀವ ಟೆಂಪೋವನ್ನು ನೇರ ಮರಳಿಗೇ ಇಳಿಸಲು ಹೇಳಿದ. ಗಾಳಿಮರಗಳಿಗೂ ನೀರಿಗೂ ನಡುವಿನ ಪಟ್ಟಿಯಲ್ಲೇ ಗೂಡುಗಳು. ಮೊಟ್ಟೆಗಳು ಹಿಂದಿನ ದಿನವಷ್ಟೇ ಒಡೆದು ಮರಿಗಳು ಹೊರಬಂದಿದ್ದವು.

ಟೆಂಪೋ ಗಾಳಿಮರ ದಾಟಿತ್ತು. ಪದ್ದಕ್ಕ ಚೀಲ ಬಿಸಾಡಿ ಓಡಿದಳು. ಎದುರಿಗೆ ಹೋಗಿ ಮರಳಲ್ಲಿ ಕುಳಿತೇಬಿಟ್ಟಳು. ಡ್ರೈವರ್ ಬ್ರೇಕ್ ಒತ್ತಿದ. ಬಂಪರ್ ಅವಳ ತಲೆಗೆ ಒಂದು ಮೊಳವೂ ದೂರವಿರಲಿಲ್ಲ. ಎಂಜಿನ್ ಗುರುಗುಡುತ್ತಲೇ ಇತ್ತು.

ಸಂಜೀವ ಓಡಿ ಬಂದ. "ಅತ್ಗೆ, ಬದಿಗ್ ನಿಲ್ಲ್. ಮೀನ್ ಹಾಳಾತ್ತ್."

"ಹಾಳಾಪುಕೆ ಬಿಡೂದಿಲ್ಲೆ. ನಾ ಹೊತ್ಕಂಡ್ ಬತ್ತೆ. ಟೆಂಪೋ ಮಾತ್ರ ಮುಂದ್ ಬಪ್ಪುದ್ ಬ್ಯಾಡ."

"ನಿಂಗ್ ಮರ್ಲಾ? ಇಷ್ಟ್ ಮೀನ್ ತಲಿ ಮೇಲ್ ಹೊರೂಕಾತ್ತಾ? ಹಕ್ಕಿ ಹೆಚ್ಚಾ ನಿಂಗೆ, ನಮ್ಮ್ ಮನಿ ಅನ್ನ ಹೆಚ್ಚಾ?"

"ಎರ್ಡೂ ಬೇಕಂದೇ ಇಲ್ಲ್ ಕೂತದ್."

ಬಲೆ ಎಳೆದ ಗಂಡಸರು ಸುತ್ತ ನೆರೆದರು. ಒಬ್ಬ ಅವಳ ರಟ್ಟೆಗೆ ಕೈ ಹಾಕಿದ. ಪದ್ದಕ್ಕ ಮಿಸುಕಲಿಲ್ಲ. ನಾನು ಅವಳ ಪಕ್ಕ ಹೋಗಿ ಕುಳಿತೆ. ಡ್ರೈವರ್ ಕೆಳಗಿಳಿದು, "ಎಲ್ಲಿತ್ತ್ ನಿಮ್ಮ್ ಹಕ್ಕಿ? ನಂಗೆಂತ ಕಾಣ್ತಿಲ್ಲೆ" ಎಂದು ರೇಗಿದ. ಅವಳು ಬೆರಳು ತೋರಿಸಿದಳು. ಚಕ್ರದ ಮುಂದೆ ಬರೀ ಮರಳು. ಅವನು ಬಗ್ಗಿದ. ಆಗ ಹೆಬ್ಬೆರಳಿನಷ್ಟಿದ್ದ ಮರಳಿನ ಉಂಡೆಯೊಂದಕ್ಕೆ ಕಾಲು ಬಂದು ಅದು ಓಡತೊಡಗಿತು. ಅದರ ಹಿಂದೆ ಇನ್ನೊಂದು ಮರಿ.

ಡ್ರೈವರ್ ಹತ್ತಿ ಎಂಜಿನ್ ಆಫ್ ಮಾಡಿದ.

ಪದ್ದಕ್ಕ ಎದ್ದವಳೇ ಬುಟ್ಟಿ ತುಂಬಿ ತಲೆಗೇರಿಸಿದಳು. ಗೂಡುಗಳನ್ನು ಬಳಸಿಕೊಂಡು ಹೊಳೆಬದಿಯಿಂದ ಸುತ್ತಿ ರಸ್ತೆಗೆ ಹೋಗಬೇಕು. ದಡದಲ್ಲಿ ಕಾದಿದ್ದ ಮೀನು ಮಾರುವ ಹೆಂಗಸರು ಒಬ್ಬೊಬ್ಬರಾಗಿ ಅವಳ ಹಿಂದೆ ನಡೆದರು. ಕಸ ಹೆಕ್ಕಲು ಬಂದ ನಾವೂ ಹೊತ್ತೆವು. ಕೈ ಹಾಕಿದ್ದ ಆ ಗಂಡಸೂ ಕೊನೆಗೆ ಹೊತ್ತ. ಆದರೂ ಅರ್ಧ ಮೀನು ಮೆತ್ತಗಾಗಿತ್ತು. ಸಂಜೀವ ಎಲ್ಲರೆದುರು, "ಇನ್ ನನ್ನ್ ಬಲೆ ಮೀನ್ ನಿಂಗಿಲ್ಲೆ" ಎಂದ. ಮಾತಿನಂತೆಯೇ ನಡೆದುಕೊಂಡ. ಅವಳು ಅಂದಿನಿಂದ ಮೊದಲ ಬಸ್ಸಿಗೆ ದೂರದ ಬಂದರಿಗೆ ಹೋಗಿ ಮೀನು ತರಬೇಕಾಯಿತು. ಮಂಡಿ ನೋವಿಗೆ ನನ್ನ ಅಂಗಡಿಯಲ್ಲೇ ಮುಲಾಮು ಕೊಳ್ಳುತ್ತಿದ್ದಳು. ಬೇಜಾರಿಲ್ಲವೇ ಎಂದು ಒಮ್ಮೆ ಕೇಳಿದೆ.

"ಇಲ್ದೆ ಎಂತ? ಅವ ಸಣ್ಣವ ಇಪ್ಪಾಗ ನಾನೇ ಮೀಸಿ, ಉಣ್ಸಿ ಸಾಕದ್. ಅವ್ನ್ ಸಿಟ್ಟೂ ಸುಳ್ಳಲ್ಲ, ಹೆಣ್ಣೇ."

ಮರುವರ್ಷ ಗೊರವಗಳು ಬರುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಿದ್ದಳು. ರಕ್ತದ ಕಾಯಿಲೆ. ಒಂದು ಭಾನುವಾರ ನಾವು ಕಸ ಹೆಕ್ಕುತ್ತಿದ್ದಾಗ ಗಾಳಿಮರಗಳ ಬಳಿ ಕಾರೊಂದು ನಿಂತಿತು. ಮಗಳು ಅವಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ಪದ್ದಕ್ಕನೇ ದಾರಿಯಲ್ಲಿ ಹಟ ಹಿಡಿದು ಕಾರು ನಿಲ್ಲಿಸಿದ್ದಳು. ಇಳಿಯಲು ತ್ರಾಣವಿಲ್ಲ. ಕಿಟಕಿಯಿಂದ ನನ್ನ ಕೈ ಹಿಡಿದಳು.

"ಮೊಟ್ಟಿ ಹ್ಯಾಂಗಿತ್ತ್?"

ಆ ವಾರ ದೊಡ್ಡ ಅಲೆ ಮೇಲೇರಿ ಎಲ್ಲ ಗೂಡುಗಳನ್ನೂ ಕೊಚ್ಚಿಕೊಂಡು ಹೋಗಿತ್ತು. ಹೇಳಿದೆ. ಅವಳು ಕಿಟಕಿಯಿಂದ ಮರಳಿನತ್ತ ಕತ್ತು ಚಾಚಿದಳು.

"ಹಕ್ಕಿ ಇದ್ದೋ, ಹ್ವಾದ್ವೋ?"

"ಇದಾವೆ, ಪದ್ದಕ್ಕ. ಮೇಲಿನ ಮರಳಲ್ಲಿ ಓಡಾಡ್ತಾ ಇದಾವೆ."

"ಹಂಗಾರೆ ಮತ್ತ್ ಇಡ್ತೋ. ನೀವ್ ಮೇಲಿನ್ ಕಸ ತೆಗಿನಿ. ನನ್ನ್ ಕಾಣ್ಕಂಡ್ ನಿಲ್ಬೇಡಿ."

ಮಗಳು, "ಅಮ್ಮ, ಹೊತ್ತಾಯ್ತ್" ಎಂದಳು. ಕಾರು ಹೊರಟಿತು. ನಾವು ಮೇಲಿನ ಮರಳಿಗೆ ಹೋಗಿ ಕತ್ತಲಾಗುವವರೆಗೆ ಬಾಟಲಿ, ಚಪ್ಪಲಿ, ಬಲೆಯ ತುಂಡುಗಳನ್ನು ಹೆಕ್ಕಿದೆವು.

ಪದ್ದಕ್ಕ ಆಸ್ಪತ್ರೆಯಿಂದ ಮರಳಲಿಲ್ಲ. ಅವಳ ಉತ್ತರಕ್ರಿಯೆ, ಬೊಜ್ಜ ಮುಗಿದ ಮೇಲಿನ ಭಾನುವಾರ ಅಲ್ಲಿಗೆ ಹೋದಾಗ, ನಾವು ಚೊಕ್ಕ ಮಾಡಿದ್ದ ಕಡೆಯೇ ಕುಳಿಯೊಂದರಲ್ಲಿ ಎರಡು ಮೊಟ್ಟೆ ಕಂಡವು. ಅವಳಿಗೆ ಹೇಳಲೆಂದು ಅವಳ ಮನೆಯ ಕಡೆ ನಾಲ್ಕು ಹೆಜ್ಜೆ ಓಡಿದ ಮೇಲೆ ನೆನಪಾಯಿತು. ಅಲ್ಲೇ ನಿಂತೆ.