ಬಲಭುಜವೂ ಕಾಕಾನ ಬಾವಿಯೂ

ನಮ್ಮ ಮನೆಯ ಅಡುಗೆಕೋಣೆಯ ಚಿಲಕಕ್ಕೆ ಕೆಂಪು ರಬ್ಬರ್ ಪಟ್ಟಿಯೊಂದು ಎರಡು ವರ್ಷದಿಂದ ಜೋತುಬಿದ್ದಿದೆ. ಬೆಳಿಗ್ಗೆ ಎದ್ದ ಕೂಡಲೇ ಅದರ ತುದಿ ಹಿಡಿದು ಬಲಗೈಯಿಂದ ಎಳೆಯಬೇಕು. ಹದಿನೈದು ಸಲ ಈ ಕಡೆ, ಹದಿನೈದು ಸಲ ಆ ಕಡೆ. ಚಹಾ ಸೋಸುತ್ತ ನನ್ನ ಹೆಂಡತಿ, “ಸಾವಕಾಶ ಎಳೀರಿ, ಬಾಗಿಲಾ ಕಿತ್ತು ಬಂದೀತು” ಎನ್ನುತ್ತಾಳೆ. ಬಾಗಿಲಿನ ಮೇಲಿರುವಷ್ಟು ಕಾಳಜಿ ಭುಜದ ಮೇಲಿಲ್ಲವಲ್ಲ ಎಂದು ನಾನು ಗೊಣಗುತ್ತೇನೆ. ಇವತ್ತು ಕಿಟಕಿಯ ಬಿಸಿಲು ಪಟ್ಟಿಯ ಮೇಲೆ ಬಿದ್ದಿತ್ತು. ಎಳೆದಾಗ ಕಾದ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಪಂಪ್‌ಸೆಟ್ಟಿನ ಪೈಪಿಗೂ ಇದೇ ವಾಸನೆ. ಬಸವಕಲ್ಯಾಣದ ಮನೆಯೊಳಗೆ ನಿಂತಿದ್ದವನು ಒಂದೇ ಗಳಿಗೆಯಲ್ಲಿ ದುಬಲಗುಂಡಿಯ ಬಾವಿಯ ದಂಡೆಯಲ್ಲಿದ್ದೆ.

ಆ ಬಾವಿ ಸಿದ್ರಾಮ ಕಾಕಾನದು. ಕಾಕಾ ನಮ್ಮಪ್ಪನ ಚಿಕ್ಕಪ್ಪನ ಮಗ. ಎಪ್ಪತ್ತು ದಾಟಿದ್ದರೂ ಹೊಲ ಬಿಟ್ಟಿಲ್ಲ. ಒಂದು ಕಡೆ ಕಲ್ಲಿನ ಪಾವಟಿಗೆ ಇರುವ ಹಳೆಯ ಬಾವಿ. ಅರ್ಧದವರೆಗೆ ಮೆಟ್ಟಿಲು, ಆಮೇಲೆ ಗೋಡೆಯಿಂದ ಹೊರಚಾಚಿದ ಒಂದೊಂದೇ ಕಲ್ಲು. ನಾನು ಈಜು ಕಲಿತದ್ದು ಅಲ್ಲಿ. ಈಜಿಗಿಂತ ಹೆಚ್ಚಾಗಿ ಮುಳುಗುವುದನ್ನು ಕಲಿತೆ ಎನ್ನಬೇಕು. ನೀರಿನ ಮೇಲೆ ನಾನು ಅಂಥ ಶೂರನಲ್ಲ, ಎಮ್ಮೆಯ ಹಾಗೆ ಕೈಕಾಲು ಬಡಿಯುತ್ತೇನೆ. ಆದರೆ ಉಸಿರು ಕಟ್ಟಿ ಒಳಗೆ ಹೋದೆನೆಂದರೆ ನಾನು ಬೇರೆಯೇ ಮನುಷ್ಯ. ಎರಡಾಳು ಆಳಕ್ಕೆ ಇಳಿದಾಗ ಕಿವಿ ಗುಂಯ್ ಎನ್ನುತ್ತದೆ. ಮೂಗು ಹಿಡಿದು ಊದಿದರೆ ಸರಿಹೋಗುತ್ತದೆ. ಅಲ್ಲಿಂದ ಕೆಳಗೆ ನೀರು ತಣ್ಣಗೆ, ಬೆಳಕು ಹಸಿರು. ಮುಖ್ಯೋಪಾಧ್ಯಾಯರಿಲ್ಲ, ಹಾಜರಿ ಇಲ್ಲ. ಹುಟ್ಟಾ ಪುಕ್ಕಲನಾದ ನನಗೆ ಭಯವಾಗದ ಜಾಗ ಭೂಮಿಯ ಮೇಲೆ ಅದೊಂದೇ ಇತ್ತು. ಅದು ಭೂಮಿಯ ಕೆಳಗಿತ್ತು ಎಂಬುದು ಬೇರೆ ಮಾತು.

ಹೀಗಾಗಿ ಊರಲ್ಲಿ ಯಾರ ಕೊಡ ಬಿದ್ದರೂ, ಯಾರ ಮೊಬೈಲು ಜಾರಿದರೂ ರಜೆಯಲ್ಲಿ ಬಂದ ಮಾಸ್ತರನಾದ ನನಗೆ ಕರೆ ಬರುತ್ತಿತ್ತು. ಪಂಪಿನ ಪೈಪಿನ ತುದಿಯಲ್ಲಿ ನೀರಿನೊಳಗಿರುವ ಫುಟ್‌ವಾಲ್ವ್ ಕಟ್ಟಿಕೊಂಡರಂತೂ ಕೇಳುವುದೇ ಬೇಡ. ನಮ್ಮ ಕಡೆ ಅದರ ಹೆಸರು ಫುಟ್‌ಬಾಲ್. “ಮಾಸ್ತರಾ, ಫುಟ್‌ಬಾಲ್‌ನ್ಯಾಗ ಕಸ ಸಿಕ್ಕಾದ, ಜರಾ ಬಾ” ಎಂದು ಕಾಕಾ ಫೋನು ಮಾಡಿದರೆ ನಾನು ಆಟಗಾರನ ಗತ್ತಿನಲ್ಲೇ ಬಸ್ಸು ಹತ್ತುತ್ತಿದ್ದೆ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಹಾಗೆಯೇ ಹೋದೆ. ನೀರು ತಳಕ್ಕಿಳಿದಿತ್ತು. ಮೇಲೆ ಕಾಕಾ ಹಗ್ಗ ಹಿಡಿದಿದ್ದ. ವಾಲ್ವಿಗೆ ಸುತ್ತಿಕೊಂಡಿದ್ದ ಹರಕು ಅರಿವೆಯನ್ನು ಕಿತ್ತು, ಹಗ್ಗಕ್ಕೆ ಜೋತು ಮೇಲೇರುತ್ತಿದ್ದೆ. ಕಾಲಿಗೆ ಇನ್ನೂ ಕಲ್ಲು ಸಿಕ್ಕಿರಲಿಲ್ಲ.

“ಆತೇನೋ?” ಎಂದು ಕಾಕಾ ಮೇಲಿಂದ ಕೇಳಿದ.

“ಆತು ಬಿಡ್ರಿ ಕಾಕಾ” ಎಂದೆ.

ಕಾಕಾ ಹಗ್ಗ ಬಿಟ್ಟ.

ನಗಬೇಡಿ. ನಮ್ಮ ಸೀಮೆಯಲ್ಲಿ ‘ಬಿಡು’ ಇಲ್ಲದೆ ಮಾತೇ ಮುಗಿಯುವುದಿಲ್ಲ. ಮಳಿ ಬರತದ ಬಿಡು, ಪಾಸಾಗ್ತಾನ ಬಿಡು, ಪಾಪ ಹೋದ ಬಿಡು. ಕೆಲಸವಾಯಿತು, ಚಿಂತೆ ಬೇಡ ಎಂದು ನಾನು ಹೇಳಿದ್ದೆ. ಕೈಯಲ್ಲಿ ಹಗ್ಗ ಹಿಡಿದವನಿಗೆ ಅದು ಹೇಗೆ ಕೇಳಿಸಬೇಕೋ ಹಾಗೆ ಕೇಳಿಸಿತು. ಇಪ್ಪತ್ತಾರು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವನು ನಾನು. ಮಾತಿನ ತಪ್ಪು ನನ್ನದೇ. ಹೊರಚಾಚಿದ ಕಲ್ಲಿಗೆ ಬಲಭುಜ ಬಡಿದು ನೀರಿಗೆ ಬಿದ್ದೆ. ಅಕ್ಕಪಕ್ಕದ ಹೊಲದವರು ಓಡಿಬಂದು ಎತ್ತಿದರು. ಕೀಲು ತಪ್ಪಿತ್ತು, ಎಲುಬೂ ಮುರಿದಿತ್ತು. ಆಪರೇಷನ್ ಮಾಡಿ ಒಳಗೆ ಲೋಹದ ಪಟ್ಟಿ, ತಿರುಪು ಎಲ್ಲ ಕೂಡಿಸಿದರು.

ಶಾಲೆಗೆ ಮರಳಿದಾಗ ಕೈ ಎದೆಯ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಕಪ್ಪುಹಲಗೆಯ ಕೆಳಗಿನರ್ಧದಲ್ಲಿ ಮಾತ್ರ ಬರೆಯುತ್ತಿದ್ದೆ. ಹಿಂದಿನ ಬೆಂಚಿನವರು ಎದ್ದು ನಿಂತು ಓದಿಕೊಳ್ಳುತ್ತಿದ್ದರು. ಅದಕ್ಕೆಲ್ಲ ನಾನು ಹೊಂದಿಕೊಂಡೆ. ಹೊಂದಿಕೊಳ್ಳಲಾಗದೆ ಹೋದದ್ದು ಎರಡಕ್ಕೆ. ಬಚ್ಚಲಲ್ಲಿ ಬಕೀಟಿನ ನೀರಿಗೆ ಮುಖ ಬಗ್ಗಿಸಿದರೂ ಎದೆ ಹಾರುತ್ತಿತ್ತು. ಇನ್ನೊಂದು, ಕಾಕಾ. ಹದಿನೈದು ದಿನಕ್ಕೊಮ್ಮೆ ಏನಾದರೂ ಹಿಡಿದುಕೊಂಡು ಬರುತ್ತಿದ್ದ, ಹಸಿಕಡಲೆಯ ಸಿವುಡೋ, ನಾಲ್ಕು ಬದನೆಕಾಯಿಯೋ. ಕೂತಷ್ಟು ಹೊತ್ತೂ ನನ್ನ ಮುಖ ನೋಡದೆ ಭುಜ ನೋಡುತ್ತಿದ್ದ. ಕೆಲವು ತಿಂಗಳ ಮೇಲೆ ನನಗೆ ಒಂದು ಹೊಳೆಯಿತು: ಕಾಕಾನ ಮಾತಿನಲ್ಲಿ ‘ಬಿಡು’ ಇರಲಿಲ್ಲ. “ಮಳಿ ಬರತದ...” ಎಂದು ನಿಲ್ಲಿಸಿ, ಬಾಯಿ ಮುಚ್ಚಿಕೊಳ್ಳುತ್ತಿದ್ದ. ಹೇಳಿದರೆ ಯಾರಾದರೂ ಬಿದ್ದಾರು ಎಂಬಂತೆ. ನನಗೆ ಸಂಕಟವಾಗುತ್ತಿತ್ತು.

ಹುಮನಾಬಾದಿನಲ್ಲಿ ನನಗೆ ವ್ಯಾಯಾಮ ಮಾಡಿಸುತ್ತಿದ್ದ ಹುಡುಗಿ ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕೈಯನ್ನು ನಾನಾ ರೀತಿ ತಿರುಗಿಸಿ ನೋಡಿ, “ಇನ್ನ ನೀರಿಗೆ ಇಳೀಬಹುದ್ರಿ ಸರ್” ಎಂದಳು.

“ಮುಳುಗಬಹುದಾ?”

“ಕೈ ತಯ್ಯಾರ್ ಅದ ರೀ. ನೀವಽ ಒಲ್ಲೆ ಅನ್ನಾಕತ್ತೀರಿ.”

ಅದು ನಿಜ. ಆಮೇಲೆ ಮೂರು ಭಾನುವಾರ ಮೂರು ನೆಪ ಹೇಳಿದೆ: ನೆಗಡಿ, ಉತ್ತರಪತ್ರಿಕೆ, ಮೋಡ. ನಾಲ್ಕನೆಯದಕ್ಕೆ ಹೆಂಡತಿಯೇ ಟವೆಲ್ ಚೀಲಕ್ಕೆ ತುರುಕಿ ಹೊರಹಾಕಿದಳು. ಬಸ್ಸಿನಲ್ಲಿ ಕೈ ಮೇಲೇಳುತ್ತದೋ ಇಲ್ಲವೋ ಎಂದು ಹತ್ತು ಸಲ ಎತ್ತಿ ನೋಡಿಕೊಂಡೆ. ಹನ್ನೊಂದನೆಯ ಸಲ ಕಂಡಕ್ಟರ್ ನಾನು ಇಳಿಯುವವನೆಂದುಕೊಂಡು ಸೀಟಿ ಊದಿ ಬಸ್ ನಿಲ್ಲಿಸಿದ. ಇಳಿದು ಮನೆಗೆ ನಡೆದುಬಿಡೋಣ ಎಂದು ಒಂದು ಕ್ಷಣ ನಿಜಕ್ಕೂ ಅನಿಸಿತು.

ಬಾವಿ ತುಂಬಿತ್ತು. ಮೆಟ್ಟಿಲುಗಳೇ ನೀರಿನೊಳಗೆ ಇಳಿದು ಹೋಗಿದ್ದವು. ಹಗ್ಗ ಹಿಡಿಯಲು ಕಾಕಾ ಒಪ್ಪಲಿಲ್ಲ. “ನನ್ನ ಕೈಗೆ ಕೊಡಬ್ಯಾಡ” ಎಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ನಾನು ಹಗ್ಗವನ್ನು ಬೇವಿನ ಮರಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡೆ. ಕಾಕಾ ಬಾವಿಗೆ ಬೆನ್ನು ಮಾಡಿ ಕೂತ.

ಮೊಣಕಾಲಿನವರೆಗೆ ಸುಲಭ. ಸೊಂಟದವರೆಗೆ ಬರುವಷ್ಟರಲ್ಲಿ ಹಗ್ಗದ ಗಂಟನ್ನು ಎರಡು ಸಲ ಮುಟ್ಟಿ ನೋಡಿಕೊಂಡೆ. ಮೊದಲ ಸಲ ಮುಖ ಹಾಕಿ ಮೂರು ಎಣಿಸುವುದರೊಳಗೆ ಮೇಲೆ ಬಂದೆ. ಎರಡನೆಯ ಸಲವೂ ಅಷ್ಟೇ. ಕೆಳಗಿನಿಂದ ಆ ಕಲ್ಲು ನನ್ನ ಭುಜಕ್ಕಾಗಿಯೇ ಕಾಯುತ್ತಿದೆ ಎನಿಸುತ್ತಿತ್ತು. ಮೂರನೆಯ ಸಲ, ಧೈರ್ಯ ಬಂದಿತ್ತು ಎಂದರೆ ಸುಳ್ಳಾಗುತ್ತದೆ, ನಾಚಿಕೆಯಿಂದ ಮುಳುಗಿದೆ. ಬಲಗೈ ಮುಂದೆ ಚಾಚಿದಾಗ ಒಳಗೆಲ್ಲೋ ಕಟಕ್ ಎಂದಿತು. ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಕೈ ನೀರನ್ನು ಹಿಡಿದು ಹಿಂದಕ್ಕೆ ತಳ್ಳಿತು, ಇನ್ನೊಮ್ಮೆ ತಳ್ಳಿತು. ಕಿವಿ ಗುಂಯ್ ಎಂದಿತು. ಮೂಗು ಹಿಡಿದು ಊದಿದೆ. ಹಸಿರು ಬೆಳಕು ಬಂತು. ತಳ ಮುಟ್ಟಲಿಲ್ಲ, ಮುಟ್ಟುವ ಆಸೆಯೂ ಆಗಲಿಲ್ಲ. ಗೋಡೆಯ ಆ ಕಲ್ಲನ್ನು ಕೈಯಿಂದ ಸವರಿ, ಮನಸ್ಸಿನಲ್ಲೇ ಅದಕ್ಕೊಂದು ಬೈಗಳು ಬೈದು, ಸಂತೋಷಕ್ಕೆ ಇನ್ನೊಂದಿಷ್ಟು ಹೊತ್ತು ಅಲ್ಲೇ ಇದ್ದೆ.

ಮೇಲೆ ಬಂದು ಕಣ್ಣೊರೆಸಿಕೊಂಡೆ. ಎದುರಿಗೆ ಕಾಕಾನ ತಲೆ. ತಲೆ ಮಾತ್ರ. ಧೋತರ, ಅಂಗಿ, ಕಾಲಲ್ಲಿ ಚಪ್ಪಲಿ ಸಹಿತ ಕುತ್ತಿಗೆಮಟ್ಟ ನೀರಿನಲ್ಲಿ ನಿಂತಿದ್ದ. ಇನ್ನೊಂದು ಮೆಟ್ಟಿಲು ಇಳಿದಿದ್ದರೆ ತಲೆಯೂ ಕಾಣುತ್ತಿರಲಿಲ್ಲ. ನಿಮಗೆ ಹೇಳಿಲ್ಲ ಅಲ್ಲವೇ? ಕಾಕಾನಿಗೆ ಈಜು ಬರುವುದಿಲ್ಲ. ಬಾವಿಯ ಯಜಮಾನನಾಗಿ ಇಷ್ಟು ವರ್ಷದಲ್ಲಿ ಮೊಣಕಾಲಿನ ಮೇಲೆ ನೀರು ಹತ್ತಿಸಿಕೊಂಡವನಲ್ಲ.

“ಎಷ್ಟೊತ್ತೋ ಅದು, ಎಷ್ಟೊತ್ತು!” ಎಂದು ಹಲ್ಲು ಕಡಿಯುತ್ತ ಬೈದ.

“ಕಾಕಾ, ನಿಮಗ ಈಸಾಕ ಬರಂಗಿಲ್ಲಲ್ರೀ!”

ಕಾಕಾ ಸುತ್ತಲಿನ ನೀರನ್ನು ಆಗಷ್ಟೇ ನೋಡಿದವನಂತೆ ನೋಡಿದ. “ಅದು ನೆನಪಽ ಆಗಲಿಲ್ಲೋ ಮಾಸ್ತರಾ” ಎಂದ.

ನಾನು ಅವನ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದೆ. ಇಬ್ಬರೂ ಬೇವಿನ ಪಕ್ಕದ ಬಿಸಿಲಿಗೆ ಕೂತು ನಡುಗಿದೆವು. ಭುಜ ಮುರಿದ ದಿನವೂ ಅಳದವನು ಅವತ್ತು ಅತ್ತೆ. ಕಾಕಾ ಚಪ್ಪಲಿಯಿಂದ ನೀರು ಬಸಿಯುತ್ತ, “ಮುಂದಿನ ಐತವಾರ ಬಾ. ನನಗ ಈಸಾಕ ಕಲಿಸು. ನೀ ಒಳಗ ಹೋದಾಗ ನಾ ದಂಡೀಗೆ ಕುಂತು ಸಾಯೂದು ಆಗಂಗಿಲ್ಲ” ಎಂದ.

ಇವತ್ತು ಬೆಳಿಗ್ಗೆ ರಬ್ಬರ್ ಪಟ್ಟಿ ಎಳೆದಾದ ಮೇಲೆ ಚಹಾ ಕುಡಿದು ಬಸ್ಸು ಹಿಡಿದೆ. ಇವತ್ತೂ ಭಾನುವಾರ. ಕಾಕಾ ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿಕೊಂಡು ನೀರಿನಲ್ಲಿ ಕಾಲು ಬಡಿಯುತ್ತಿದ್ದಾನೆ. ದಂಡೆಯ ಮೇಲಿನ ಆಡುಗಳು ಹೆದರಿ ದೂರ ಸರಿದಿವೆ. ನಾನು ಮೆಟ್ಟಿಲ ಮೇಲೆ ಅವನ ಸೊಂಟದ ಹಗ್ಗ ಹಿಡಿದು ನಿಂತಿದ್ದೇನೆ. ಅವನ ಮುಖ ನೀರೊಳಗೆ ಹೋದಾಗಲೆಲ್ಲ ಎಣಿಸುತ್ತೇನೆ: ಒಂದು, ಎರಡು, ಮೂರು. ನಾನು ಒಳಗಿದ್ದಾಗ ಇಷ್ಟು ನಿಧಾನವಾಗಿ ಮೂರು ಬರುತ್ತಿರಲಿಲ್ಲ. ಬಲಭುಜ ನೋಯುತ್ತಿದೆ. ಹಗ್ಗವನ್ನು ಎಡಗೈಗೆ ದಾಟಿಸಬಹುದು, ಯಾರೂ ಬೇಡವೆನ್ನುವುದಿಲ್ಲ. ಆದರೆ ಒಂದು ಗಳಿಗೆ ಹಗ್ಗ ಸಡಿಲ ಬಿಟ್ಟು ಕೈ ಬದಲಾಯಿಸುವಷ್ಟು ಧೈರ್ಯ ನನಗಿಲ್ಲ.